ಕಾನ್‌ಬಾನ್ ರಿವ್ಯೂ: ಬೋರ್ಡಿಗೆ ಎರಡ ಸ್ಟಾರ್, ಲಿಮಿಟ್ಟಿಗೆ ಐದು

ಪೂರ್ತಿ ಓದಾಕ ಟೈಮ್ ಇಲ್ಲದಾವ್ರಿಗೆ ಮೊದಲ ಹೇಳಿಬಿಡ್ತೀನ್ರಿ. ಕಾನ್‌ಬಾನ್, ಅಂದ್ರ ಒಂದೊಂದು ಕೆಲಸಾ ಒಂದೊಂದು ಕಾರ್ಡಿನ ಮ್ಯಾಲ ಬರದು, ಒಂದ ಸಲಕ್ಕ ಕೈಯಾಗ ಹಿಡಿಯೂ ಕಾರ್ಡಿಗೆ ಮಿತಿ (ಲಿಮಿಟ್) ಹಾಕಿ ನಡಸೂ ಪದ್ಧತಿ, ಚಲೋ ಐತಿ. ಆದ್ರ ಜನಾ ಯಾವುದನ್ನ ಕಾನ್‌ಬಾನ್ ಅಂತ ತೋರಸ್ತಾರಲ್ಲ, ನಾಕೈದು ಕಾಲಮ್ ಹಾಕಿ ಬಣ್ಣ ಬಣ್ಣದ ಚೀಟಿ ಅಂಟಿಸಿದ ಬೋರ್ಡು, ಅದಕ್ಕ ನನ್ನ ಕಡೆಯಿಂದ ಎರಡ ಸ್ಟಾರ್. ಆ ಕಾಲಮ್ಮಿನ ತಲಿ ಮ್ಯಾಲ ಒಂದು ಸಣ್ಣ ನಂಬರ್ ಬರದಿರತೈತಿ ನೋಡ್ರಿ, ಇಲ್ಲಿ 3ಕ್ಕಿಂತ ಹೆಚ್ಚ ಕಾರ್ಡ್ ಇಡಬ್ಯಾಡ್ರಿ ಅಂತ, ಅದಕ್ಕ ಐದ ಸ್ಟಾರ್. ಪುಣೆದಾಗ ನಾ ಕಂಡ ಟೀಮ್‌ಗಳೊಳಗ ಬಾಳಷ್ಟು ಕಡೆ ಮೊದಲನೇದು ಐತಿ, ಎರಡನೇದು ಇಲ್ಲ. ಮತ್ತ ಅವ್ರ ಬಂದು "ಕಾನ್‌ಬಾನ್ ಮಾಡಿ ನೋಡಿದ್ವಿಪಾ, ಏನೂ ಫರಕ್ ಬೀಳಲಿಲ್ಲ" ಅಂತಾರ. ಹೆಂಗ ಬೀಳತೈತಿ ಫರಕ್?

ನಮ್ಮ ಟೀಮ್ ಖರಾಡಿದಾಗ. ಅಮೆರಿಕಾದ ಒಂದು ಇನ್ಶೂರೆನ್ಸ್ ಕ್ಲೈಂಟ್, ಅವ್ರ ಹಳೇ ಅಪ್ಲಿಕೇಶನ್ನಿನ ಮೇಂಟೆನನ್ಸ್, ಜೊತಿಗೆ ಸಣ್ಣ ಪುಟ್ಟ ಹೊಸಾ ಫೀಚರ್. ಟೀಮಿನ್ಯಾಗ ಅರ್ಧಕ್ಕರ್ಧ ನಮ್ಮ ಕಡೆಯವ್ರ, ಬೆಳಗಾವಿ, ಗದಗ, ವಿಜಯಪುರ, ಒಬ್ಬಾಕಿ ಸೊಲ್ಲಾಪುರದಾಕಿ, ಆಕಿಗೆ ಮನ್ಯಾಗ ಕನ್ನಡ, ಶಾಲ್ಯಾಗ ಮರಾಠಿ. ಉಳಿದಾವ್ರು ಪುಣೆ, ನಾಗಪುರದವ್ರು. ಸ್ಟ್ಯಾಂಡಪ್, ಅಂದ್ರ ದಿನದ ಸಣ್ಣ ಮೀಟಿಂಗ್, ಇಂಗ್ಲಿಷಿನ್ಯಾಗ ಶುರುವಾಗಿ, ಹಿಂದಿಗೆ ಬಂದು, ಜಗಳ ಹತ್ತಿದ್ರ ಅವರವರ ಮನಿ ಭಾಷಾಕ್ಕ ಇಳೀತೈತಿ.

ಮೊದಲ ನಾವು ಸ್ಕ್ರಮ್ ಮಾಡ್ತಿದ್ವಿ, ಅಂದ್ರ ಸ್ಪ್ರಿಂಟ್ ಅನ್ನೋ ಎರಡೆರಡ ವಾರದ ತುಂಡಿಗೆ ಕೆಲಸಾ ಮೊದಲ ಪ್ಲ್ಯಾನ್ ಮಾಡೂದು, ಕೆಲಸ ಎಷ್ಟ ದೊಡ್ಡದು ಅನ್ನೂದಕ್ಕ ಸ್ಟೋರಿ ಪಾಯಿಂಟ್ ಕೊಡೂದು ಎಲ್ಲಾ. ಸ್ಕ್ರಮ್ ಕೆಟ್ಟದ್ದು ಅಂತ ನಾ ಅನ್ನಾಕತ್ತಿಲ್ಲ, ಹೊಸಾ ಪ್ರಾಡಕ್ಟ್ ಕಟ್ಟಾವ್ರಿಗೆ ಬರೋಬ್ಬರಿ ಹೊಂದತೈತಿ. ಆದ್ರ ನಮ್ಮಂಥಾ ಸಪೋರ್ಟ್ ಕೆಲಸದಾಗ ಸೋಮವಾರ ಮುಂಜಾನೆ ಪ್ಲ್ಯಾನ್ ಮಾಡಿದ್ರ ಮಂಗಳವಾರ ರಾತ್ರಿ ಪ್ರೊಡಕ್ಷನ್ನಿಂದ, ಅಂದ್ರ ಕ್ಲೈಂಟ್ ದಿನಾ ಬಳಸೂ ಸಿಸ್ಟಮಿನಿಂದ, ಟಿಕೆಟ್ ಅನ್ನೋ ದೂರು ಬೀಳತೈತಿ, ಬುಧವಾರ ಇನ್ನೆರಡು, ಗುರುವಾರ ಬರೂದ್ರೊಳಗ ಪ್ಲ್ಯಾನ್ ಅನ್ನೂದು ಹೆಸರಿಗಷ್ಟ ಉಳದಿರತೈತಿ, ಸ್ಪ್ರಿಂಟ್ ಮುಗಿಯೋ ದಿನಾ ಅರ್ಧಾ ಕೆಲಸ ಸ್ಪಿಲ್‌ಓವರ್ ಅಂತ ಮುಂದಿನ ಸ್ಪ್ರಿಂಟಿಗೆ ದೂಕೂದು, ದೂಕಿದ್ದಕ್ಕ ಪಾಯಿಂಟ್ ಹೆಂಗ ಹಂಚೂದು ಅಂತ ಇನ್ನೊಂದು ಮೀಟಿಂಗ್. ಟಿಕೆಟ್ ಸರಿ ಮಾಡೂದಕ್ಕಿಂತ ಅದು ಎಷ್ಟ ಪಾಯಿಂಟ್ ಅಂತ ವಾದಾ ಮಾಡೂದ ಜಾಸ್ತಿ ಆಗಿತ್ತು.

ಇಲ್ಲಿ ಒಂದು ಕಥಿ ಹೇಳಬೇಕ, ಯಾಕಂದ್ರ ಇದು ನಮ್ಮಂಥಾವ್ರದ್ದ ಕಥಿ. ಸಾಫ್ಟ್‌ವೇರ್‌ದಾಗ ಕಾನ್‌ಬಾನ್ ತಂದಾವ್ರು ಡೇವಿಡ್ ಆಂಡರ್ಸನ್ ಅಂತ ಎಲ್ಲಾ ಟ್ರೈನಿಂಗಿನ್ಯಾಗ ಹೇಳ್ತಾರ, ಖರೇನ ಐತಿ. 2004ರಾಗ ಅವ್ರು ಮೈಕ್ರೋಸಾಫ್ಟಿನ್ಯಾಗ ಇದ್ರು, ಅಲ್ಲೇ ಡ್ರಾಗೋಸ್ ಡುಮಿಟ್ರಿಯು ಅನ್ನೋ ಮ್ಯಾನೇಜರಿಗೆ ಒಂದು ಟೀಮ್ ಸಿಕ್ಕಿತ್ತು, ಕಂಪನಿಯ ಒಳಗಿನ ಸಾಫ್ಟ್‌ವೇರ್ ರಿಪೇರಿ ಮಾಡೂ ಟೀಮು. ಆ ಟೀಮ್ ಕುಂತಿದ್ದು ಎಲ್ಲಿ ಅಂದ್ರ ಹೈದ್ರಾಬಾದಿನ್ಯಾಗ. ಮೂರ ಮಂದಿ ಡೆವಲಪರ್, ಮೂರ ಮಂದಿ ಟೆಸ್ಟರ್. ಒಂದು ರಿಕ್ವೆಸ್ಟ್ ಮುಗಿಯಾಕ ಸುಮಾರು ಐದ ತಿಂಗಳು ಹಿಡೀತಿತ್ತು. ಹಂಗಂತ ಹುಡುಗ್ರು ಸುಮ್ನ ಕುಂತಿರಲಿಲ್ಲ, ಬಂದ ಪ್ರತಿಯೊಂದು ರಿಕ್ವೆಸ್ಟಿಗೂ ಎಸ್ಟಿಮೇಟ್ ಕೊಡೂದ್ರಾಗನ ಅವ್ರ ಟೈಮಿನ ದೊಡ್ಡ ಪಾಲು ಹೋಗ್ತಿತ್ತು, ಎಸ್ಟಿಮೇಟ್ ಮಾಡಿದ್ದು ಎಷ್ಟೋ ಕೆಲಸ ಆಮ್ಯಾಲ ಯಾರಿಗೂ ಬ್ಯಾಡಾಗಿರತಿತ್ತು. ಆ ಎಸ್ಟಿಮೇಟ್ ನಿಲ್ಲಿಸಿದ್ರು, ಒಂದ ಸಲಕ್ಕ ಒಳಗ ಬಿಡೂ ಕೆಲಸಕ್ಕ ಮಿತಿ ಹಾಕಿದ್ರು, ಕೆಲಸಾ ಕೇಳಾವ್ರಿಗೆ ಖಾಲಿ ಆದಷ್ಟ ಜಾಗಾ ತುಂಬ್ರಿ ಅಂದ್ರು. ವರ್ಷ ತುಂಬೂದ್ರೊಳಗ ತಿಂಗಳುಗಟ್ಟಲೆ ಹಿಡಿಯೂದು ವಾರಕ್ಕ ಇಳೀತು.

ಮಜಾ ಏನಂದ್ರ, ಅಲ್ಲಿ ಗೋಡಿ ಮ್ಯಾಲ ಬೋರ್ಡ ಇರಲಿಲ್ಲ. ಮ್ಯಾನೇಜರ್ ಅಮೆರಿಕಾದಾಗ, ಟೀಮ್ ಹೈದ್ರಾಬಾದಿನ್ಯಾಗ, ಗೋಡಿ ಯಾರ ನೋಡಬೇಕ? ಇದ್ದ ಟ್ರ್ಯಾಕಿಂಗ್ ಸಾಫ್ಟ್‌ವೇರಿನ್ಯಾಗನ ಎಲ್ಲಾ ನಡೀತು. ಚೀಟಿ ಅಂಟಿಸೂ ಬೋರ್ಡು ಬಂದಿದ್ದು ಆಮ್ಯಾಲ, ಆಂಡರ್ಸನ್ ಅವ್ರು ಕಾರ್ಬಿಸ್ ಕಂಪನಿಗೆ, ಬಿಲ್ ಗೇಟ್ಸ್ ಕಟ್ಟಿದ ಫೋಟೋ ಮಾರೂ ಕಂಪನಿ ಅದು, ಅಲ್ಲಿಗೆ ಹೋದ ಮ್ಯಾಲ, 2007ರ ಸುಮಾರಿಗೆ. ಅಂದ್ರ ಲಿಮಿಟ್ ಮೊದಲ ಬಂತು, ಬೋರ್ಡ್ ಆಮ್ಯಾಲ ಬಂತು. ನಾವೆಲ್ಲಾ ಉಲ್ಟಾ ಮಾಡಾಕತ್ತೀವಿ, ಬೋರ್ಡ್ ತಂದು ನಿಲ್ಲಿಸಿ ಲಿಮಿಟ್ಟಿನ ಸುದ್ದೀನ ಮರೀತೀವಿ.

ಅದಕ್ಕೂ ಹಿಂದಿಂದು ಗಾಡಿ ಫ್ಯಾಕ್ಟರಿ ಕಥಿ, ಬಾಳ ಮಂದಿಗೆ ಗೊತ್ತಿದ್ದದ್ದು. ಟೊಯೋಟಾದ ತೈಇಚಿ ಓನೋ ಅನ್ನಾವ್ರು 1950ರ ದಶಕದಾಗ ಅಮೆರಿಕಾದ ಸೂಪರ್ ಮಾರ್ಕೆಟ್ಟಿನ ಪದ್ಧತಿ ನೋಡಿ, ಗಿರಾಕಿ ತಗೊಂಡಷ್ಟ ಮಾಲು ಕಪಾಟಿಗೆ ತುಂಬೂದಲ್ಲ, ಅದನ್ನ ಮಷೀನ್ ಶಾಪಿಗೆ ತಂದ್ರು. ಟೊಯೋಟಾ ಅಂದ್ರ ನಮಗ ಬಿಡದಿ ನೆನಪಾಗತೈತಿ, ಬಿಡದಿ ಅಂದ್ರ ಕಿರ್ಲೋಸ್ಕರ್, ಕಿರ್ಲೋಸ್ಕರ್ ಅಂದ್ರ ಪುಣೆದವ್ರು ನಮ್ಮವ್ರು ಅಂತಾರ, ಆದ್ರ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನ್ಯಾಗ, ಮೊದಲ ಸೈಕಲ್ ಅಂಗಡಿ ಇಟ್ಟಿದ್ದೂ ಬೆಳಗಾವ್ಯಾಗನ. ಇದು ವಿಷಯಕ್ಕ ಸಂಬಂಧ ಇಲ್ಲ, ನಮ್ಮ ಆಫೀಸಿನ್ಯಾಗ ಈ ವಾದಾ ನಡದ ಇರತೈತಿ ಅಂತ ಹೇಳಿದೆ.

ನನ್ನ ರೂಮ್‌ಮೇಟ್ ಚಾಕಣದಾಗ ಗಾಡಿ ಪಾರ್ಟ್ ಮಾಡೂ ಕಂಪನ್ಯಾಗ ಅದಾನ, ಹುಬ್ಬಳ್ಳಿ ಹುಡುಗ. ಅವ್ರ ಕಡೆ ಖರೇ ಖರೇ ಕಾರ್ಡು, ಡಬ್ಬಿ. ಎರಡ ಡಬ್ಬಿ ಬೋಲ್ಟ್ ಇರತಾವ, ಒಂದು ಖಾಲಿ ಆದ್ರ ಕಾರ್ಡ್ ಜೊತಿಗೆ ಅದನ್ನ ಹಿಂದಕ್ಕ ಕಳಸ್ತಾರ, ಅಷ್ಟೊತ್ತನಕ ಎರಡನೇ ಡಬ್ಬಿದಾಗ ಕೆಲಸಾ ನಡೀತೈತಿ. ಕಾರ್ಡ್ ಹಿಂದಕ್ಕ ಬರಲಿಲ್ಲ ಅಂದ್ರ ಹೊಸಾ ಮಾಲು ಮಾಡಂಗಿಲ್ಲ. ನಮ್ಮ ಬೋರ್ಡಿನ ಫೋಟೋ ತೋರಿಸಿದ್ರ ಅಂವ ಕೇಳಿದ್ದು ಒಂದ ಮಾತು: "ಅಲ್ಲೋ, ಇದರಾಗ ನಿಲ್ಲಸೂದು ಯಾವುದು?" ಆವಾಗ ನಮ್ಮ ಬೋರ್ಡಿನ ಮ್ಯಾಲ ಲಿಮಿಟ್ ಇನ್ನೂ ಬಂದಿರಲಿಲ್ಲ, ನನ್ನ ಹತ್ರ ಉತ್ತರಾನೂ ಇರಲಿಲ್ಲ.

ಇನ್ನ ನಮ್ಮ ಬೋರ್ಡಿನ ಸುದ್ದಿ. ಕಾನ್‌ಬಾನಿಗೆ ಬಂದಾಗ ಶುರುವಿಗೆ ವೈಟ್‌ಬೋರ್ಡ್ ತಂದು ಪ್ಯಾಂಟ್ರಿ ಬಾಗಲ ಹತ್ರ ನಿಲ್ಲಿಸಿದ್ವಿ. ಮ್ಯಾಗ್ನೆಟ್ಟು, ಮಾರ್ಕರ್, ಚೀಟಿ ಎಲ್ಲಾ ಅಪ್ಪಾ ಬಳವಂತ ಚೌಕಿನಿಂದ ತಂದದ್ದು, ಪುಣೆದಾಗ ಸ್ಟೇಷನರಿಗೆ ಅದಕ್ಕಿಂತ ಚಲೋ ಜಾಗಾ ಇಲ್ಲ, ಪಾರ್ಕಿಂಗ್ ಮಾತ್ರ ಕೇಳಬ್ಯಾಡ್ರಿ. ಚೀಟಿಗಿಂತ ಮ್ಯಾಗ್ನೆಟ್ ತಗೋರಿ ಅಂತ ಈಗ ಹೇಳ್ತೀನಿ, ಮಳಿಗಾಲದಾಗ ಎಸಿ ಗಾಳಿಗೆ ಚೀಟಿ ಉದುರತಾವ. ಒಮ್ಮೆ ಹಂಗ ಉದುರಿದ ಚೀಟಿ ಎಲ್ಲಾ ನಮ್ಮ ಆಫೀಸಿನ ಮೌಶಿ ಕಸಾ ಹೊಡಿಯಾಕ ಬಂದಾಗ ಎತ್ತಿ, ಪಾಪ ಕಾಳಜಿಲೇನ, ಖಾಲಿ ಜಾಗಾ ಎಲ್ಲಿ ಕಂಡಿತ್ತೋ ಅಲ್ಲಿ ಸಾಲಾಗಿ ಅಂಟಿಸಿ ಹೋಗಿದ್ರು. ಹಿಂದಿನ ದಿನಾನ ಡನ್ ಕಾಲಮ್ ಖಾಲಿ ಮಾಡಿದ್ವಿ. ಮುಂಜಾನೆ ಬಂದು ನೋಡಿದ್ರ ಅರ್ಧಾ ಕೆಲಸಾ ಡನ್. ಮ್ಯಾನೇಜರ್ ಸಾಹೇಬ್ರು ಖುಷಿಲೆ ಫೋಟೋ ಹೊಡಕೊಂಡ್ರು, ಆಮ್ಯಾಲ ಗೊತ್ತಾತು.

ಆದ್ರೂ ಗೋಡಿ ಬೋರ್ಡಿಗೆ ಒಂದು ತಾಕತ್ ಐತಿ. ಚಾ ತರಾಕ ಹೋಗಾವ್ರು ಎಲ್ಲಾರು ಅದನ್ನ ದಾಟಿನ ಹೋಗಬೇಕ, ನೋಡಬ್ಯಾಡಂದ್ರೂ ಕಣ್ಣಿಗೆ ಬೀಳತೈತಿ. ಸಾಫ್ಟ್‌ವೇರಿನ ಬೋರ್ಡ್ ಹಂಗಲ್ಲ, ಟ್ಯಾಬ್ ತಗದ್ರ ಅಷ್ಟ ಕಾಣತೈತಿ. ಹೈಬ್ರಿಡ್ ಆದ ಮ್ಯಾಲ, ಅರ್ಧಾ ಮಂದಿ ಮನ್ಯಾಗ, ಅರ್ಧಾ ಮಂದಿ ಆಫೀಸಿನ್ಯಾಗ, ಗೋಡಿ ಬೋರ್ಡ್ ನಡೀಲಿಲ್ಲ, ಆನ್‌ಲೈನಿಗೆ ಹೋಗೂದು ಬಂತು. ಅದನ್ನ ಮುಂದ ಹೇಳ್ತೀನಿ.

ಕಾಲಮ್ ಹಾಕೂದು ಸಲೀಸು ಅನಸತೈತಿ: ರೆಡಿ, ಡೆವಲಪ್‌ಮೆಂಟ್, ರಿವ್ಯೂ (ಬರದ ಕೋಡನ್ನ ಇನ್ನೊಬ್ರು ನೋಡೂದು), ಟೆಸ್ಟಿಂಗ್, ಯುಎಟಿ (ಕ್ಲೈಂಟ್ ತಾವ ಬಳಸಿ ನೋಡೂದು), ಡನ್. ಬರೇ ಇಷ್ಟ ಹಾಕಿದ್ರ ಬೋರ್ಡ್ ಸುಳ್ಳು ಹೇಳತೈತಿ. ಡೆವಲಪರ್ ಕೋಡ್ ಬರದು ಮುಗಿಸಿ ಕಾರ್ಡನ್ನ ರಿವ್ಯೂ ಕಾಲಮ್ಮಿಗೆ ದೂಕಿ ಕೈ ಝಾಡಿಸಿ ಹೊಸಾದು ಹಿಡದ್ರ, ಆ ಕಾರ್ಡನ್ನ ಖರೇನ ಯಾರರ ನೋಡಾಕತ್ತಾರೋ ಅದು ಬಿದ್ದುಕೊಂಡೈತೋ ತಿಳಿಯಂಗಿಲ್ಲ. ಅದಕ್ಕ ಪ್ರತಿ ಕಾಲಮ್ ಎರಡ ಭಾಗ ಮಾಡಬೇಕ, ಈಗ ನಡ್ಯಾಕತ್ತಿದ್ದು ಮತ್ತ ಮುಗದು ಕಾಯಾಕತ್ತಿದ್ದು. ಮುಗದದ್ದನ್ನ ಮುಂದ ದೂಕೂ ಹಕ್ಕು ಯಾರಿಗೂ ಇಲ್ಲ, ಮುಂದಿನಾವ ಕೈ ಖಾಲಿ ಆದ್ರ ತಾನ ಬಂದು ಎಳಕೋಬೇಕ. ಈ ಒಂದ ಬದಲಾವಣಿ ಮಾಡಿದ ವಾರದಾಗ ಕಂಡಿದ್ದು ಏನಂದ್ರ, ನಮ್ಮ ಕಾರ್ಡ್ ತಮ್ಮ ಆಯುಷ್ಯದ ಬಾಳಷ್ಟು ಭಾಗ ಯಾರ ಕೈಯಾಗೂ ಇರಂಗಿಲ್ಲ, ಕಾಯೂದ್ರಾಗನ ಕಳೀತಾವ. ಕೋಡ್ ಬರಿಯೂದಕ್ಕ ಹೋಗೂದು ಸ್ವಲ್ಪ, ರಿವ್ಯೂಕ್ಕ ಕಾಯೂದು, ಟೆಸ್ಟಿಂಗಿಗೆ ಕಾಯೂದು, ಕ್ಲೈಂಟಿನ ಉತ್ತರಕ್ಕ ಕಾಯೂದು, ಇದ ಜಾಸ್ತಿ. ಡೆವಲಪರ್ ಜೋರ್ ಟೈಪ್ ಮಾಡಿದ್ರ ಏನ ಆಗಬೇಕ?

ಈಗ ಲಿಮಿಟ್. ಜಗಳ ಶುರುವಾಗೂದು ಇಲ್ಲಿ, ಐದ ಸ್ಟಾರ್ ಕೊಟ್ಟಿದ್ದೂ ಇದಕ್ಕ.

ಟೆಸ್ಟಿಂಗಿಗೆ 3 ಅಂತ ಹಾಕಿದ್ವಿ, ಡೆವಲಪ್‌ಮೆಂಟಿಗೆ 4. ಕಾಯೂ ಭಾಗಾನೂ ಈ ಲೆಕ್ಕದಾಗನ ಬರತೈತಿ, ಇಲ್ಲಂದ್ರ ಎಲ್ಲಾರು ಅಲ್ಲೇ ಹೇರಿ ಇಡ್ತಾರ. ಎರಡನೇ ದಿನಾನ ಟೆಸ್ಟಿಂಗ್ ತುಂಬಿತು, ಅದರ ಹಿಂದ ಡೆವಲಪ್‌ಮೆಂಟ್ ತುಂಬಿತು, ವಿಜಯಪುರದ ನಮ್ಮ ಸೀನಿಯರ್ ಕೋಡ್ ಮುಗಿಸಿ ಕೈಕಟ್ಟಿ ಕುಂತ. ಹೊಸಾ ಕಾರ್ಡ್ ಎಳಕೊಳ್ಳಾಕ ಜಾಗಾ ಇಲ್ಲ.

"ನಾ ಏನ ಖಾಲಿ ಕುಂದ್ರಲೇನು? ರೆಡಿದಾಗ ಇಷ್ಟ ಟಿಕೆಟ್ ಬಿದ್ದಾವ."

ಟೆಸ್ಟರ್ ಅಕ್ಕಾ, ಗದಗಿನಾಕಿ, ಲ್ಯಾಪ್‌ಟಾಪಿನಿಂದ ತಲಿ ಎತ್ತದನ ಅಂದ್ಲು: "ಖಾಲಿ ಯಾಕ ಕುಂದ್ರತೀ ಅಣ್ಣಾ, ಬಾ ಇಲ್ಲಿ, ನಿಂದ ಎರಡ ಕಾರ್ಡ್ ನನ್ನ ಹತ್ರ ಅದಾವ, ಟೆಸ್ಟ್ ಡೇಟಾ ಮಾಡಿ ಕೊಡು."

"ಅದು ನನ್ನ ಕೆಲಸ ಅಲ್ಲವಾ."

"ಹಂಗಾದ್ರ ಕುಂದ್ರು."

ಅಂವ ಸ್ವಲ್ಪೊತ್ತು ಕುಂತ, ಎದ್ದು ಬಂದ, ಟೆಸ್ಟ್ ಡೇಟಾ ಮಾಡಾಕ ಕುಂತ. ಆವಾಗ ಅವಂಗ ತಿಳೀತು, ಪ್ರತಿ ಟಿಕೆಟ್ಟಿಗೂ ಆಕಿ ಹಳೇ ಪಾಲಿಸಿ ಡೇಟಾ ಕೈಲೆ ತಯಾರ ಮಾಡಬೇಕ, ಅದರಾಗನ ಆಕಿಯ ಅರ್ಧಾ ದಿನಾ ಹೋಗತೈತಿ ಅಂತ. ಆಮ್ಯಾಲ ಒಂದು ಸ್ಕ್ರಿಪ್ಟ್ ಬರದು ಕೊಟ್ಟ. ಆ ಸ್ಕ್ರಿಪ್ಟ್ ಮಾಡಬೇಕಾದ ಕೆಲಸದ ಯಾವ ಪಟ್ಟಿಯಾಗೂ ಇರಲಿಲ್ಲ, ಯಾರೂ ಪ್ಲ್ಯಾನ್ ಮಾಡಿರಲಿಲ್ಲ, ಕೈ ಖಾಲಿ ಆಗದಿದ್ರ ಅಂವ ಅದನ್ನ ಯಾವತ್ತೂ ಬರೀತಿರಲಿಲ್ಲ. ಲಿಮಿಟ್ಟಿನ ಉಪಯೋಗ ನನಗ ಖರೇ ತಿಳದಿದ್ದು ಇದರಾಗ. ಎಲ್ಲಿ ಕಟ್ಟಿಕೊಂಡೈತೋ ಅಲ್ಲಿಗೆ ಮನಷಾರನ್ನ ತಂದು ನಿಲ್ಲಸತೈತಿ ಅದು.

ಕೋಥ್ರೂಡ ಕಡೆ ನಾವು ಊಟಕ್ಕ ಹೋಗೂ ಜೋಳದ ರೊಟ್ಟಿ ಖಾನಾವಳ್ಯಾಗ ತಾಟ ಖಾಲಿ ಆದ ಮ್ಯಾಲನ ಮುಂದಿನ ರೊಟ್ಟಿ ಹಂಚಿಗೆ ಬೀಳತೈತಿ, ಅದಕ್ಕ ಬಿಸಿ ಇರತೈತಿ. ಮೊದಲ ಬಡದು ಗುಡ್ಡಿ ಹಾಕಿದ್ರ ಬಡಿಯೂ ಅಕ್ಕಾ ಬಿಝಿ ಕಾಣ್ತಾಳ ಖರೇ, ತಿನ್ನಾವಂಗ ಸಿಗೂದು ಕಟಕ ರೊಟ್ಟಿ.

ಲೆಕ್ಕಾ ಬೇಕನ್ನಾವ್ರಿಗೆ ಲೆಕ್ಕಾನೂ ಐತಿ. ಜಾನ್ ಲಿಟಲ್ ಅನ್ನಾವ್ರು 1961ರಾಗ ಸಾಬೀತು ಮಾಡಿದ ಸೂತ್ರ, ಕ್ಯೂ ಇರೋ ಎಲ್ಲಾ ಕಡೆ ನಡೀತೈತಿ. ಒಳಗ ಎಷ್ಟ ಕೆಲಸ ಐತಿ, ಅದನ್ನ ವಾರಕ್ಕ ಎಷ್ಟ ಮುಗೀತಾವ ಅನ್ನೂದ್ರಿಂದ ಭಾಗಿಸಿದ್ರ ಒಂದೊಂದು ಕೆಲಸಕ್ಕ ಸರಾಸರಿ ಎಷ್ಟ ಟೈಮ್ ಅಂತ ಬರತೈತಿ. ಒಳಗ 20 ಕಾರ್ಡ್, ವಾರಕ್ಕ 5 ಮುಗದ್ರ, ಒಂದು ಕಾರ್ಡಿಗೆ 4 ವಾರ. ಅದ ಟೀಮು, ಅದ ಸ್ಪೀಡು, ಒಳಗ ಬರೇ 10 ಇದ್ರ 2 ವಾರ. ಬಂದದ್ದೂ ಹೋದದ್ದೂ ಸಮ ಇರೂ ಹೊತ್ತಿನ ಸರಾಸರಿ ಇದು, ಒಂದ ಟಿಕೆಟ್ಟಿಗೆ ಭವಿಷ್ಯ ಹೇಳೂದಲ್ಲ, ಅಷ್ಟ ನೆನಪಿಡ್ರಿ. ಆದ್ರ ಕ್ಲೈಂಟ್ ಕಾಲಿನ್ಯಾಗ ಇದೊಂದು ಸ್ಲೈಡ್ ತೋರಿಸಿದ ಮ್ಯಾಲ "ಎಲ್ಲಾ ಒಮ್ಮೆಲೆ ಶುರು ಮಾಡ್ರಿ" ಅನ್ನೂದು ಬಾಳ ಕಡಿಮಿ ಆತು.

ಕ್ಲೈಂಟಿಗಿಂತ ಕಷ್ಟ ಆಗಿದ್ದು ನಮ್ಮ ಒಳಗಿನ ಟೈಮ್‌ಶೀಟ್. ಇದನ್ನ ಪರದೇಶದ ಬ್ಲಾಗ್ ಬರಿಯಾವ್ರು ಯಾರೂ ಹೇಳಂಗಿಲ್ಲ, ಅವ್ರಿಗೆ ಈ ತಲಿಬ್ಯಾನಿ ಇಲ್ಲ. ನಮ್ಮ ಸರ್ವಿಸ್ ಕಂಪನಿಗಳಾಗ ಮನಷಾನ ತಾಸು ಮಾರೂದು ಧಂಧೆ. ದಿನಕ್ಕ 8 ತಾಸು ಯಾವುದರ ಟಿಕೆಟ್ ನಂಬರಿನ ಮುಂದ ಬರೀಬೇಕ, ಯುಟಿಲೈಝೇಶನ್, ಅಂದ್ರ ಬಿಲ್ಲಿಗೆ ಹತ್ತೂ ತಾಸು, ಕಡಿಮಿ ಆದ್ರ ಮ್ಯಾಲಿನವ್ರಿಂದ ಮೇಲ್ ಬರತೈತಿ. ಕಾನ್‌ಬಾನ್ ಹೇಳೂದು ಕೆಲಸದ ಮ್ಯಾಲ ಕಣ್ಣಿಡ್ರಿ, ಮನಷಾರ ಮ್ಯಾಲ ಬ್ಯಾಡ ಅಂತ. ಟೈಮ್‌ಶೀಟ್ ಹೇಳೂದು ಉಲ್ಟಾ. ಸೀನಿಯರ್ ಅಣ್ಣಾ ಟೆಸ್ಟ್ ಡೇಟಾ ಮಾಡಿದ ತಾಸು ಯಾವ ಬಿಲ್ಲಿಂಗ್ ಕೋಡಿನ ಕೆಳಗ ಬರೀಬೇಕ ಅಂತ ಒಂದು ಮೀಟಿಂಗ್ ಆತಂದ್ರ ನಂಬ್ರಿ. ಸಾಹೇಬ್ರು ಕಡೀಕ ಕ್ಲೈಂಟ್ ಜೊತಿ ಮಾತಾಡಿ ಇಡೀ ಟೀಮಿಗೆ ಒಂದ ಕೋಡ್ ಮಾಡಿಸಿದ್ರು, ಯಾರು ಯಾವ ಟಿಕೆಟ್ಟಿಗೆ ಕೈ ಹಚ್ಚಿದ್ರೂ ಅದ ಕೋಡ್. ಅವ್ರಿಗೆ ನಾ ಆರ ಸ್ಟಾರ್ ಕೊಡ್ತಿದ್ದೆ, ಐದರ ಮ್ಯಾಲ ಇಲ್ಲ. ನಿಮ್ಮಲ್ಲಿ ಟಿಕೆಟ್ ಪ್ರಕಾರ ಬಿಲ್ಲಿಂಗ್ ಇದ್ದು ಅದನ್ನ ಬದಲಿ ಮಾಡಾಕ ಯಾರೂ ತಯಾರಿಲ್ಲ ಅಂದ್ರ, ಕಾನ್‌ಬಾನಿಗೆ ಕೈ ಹಾಕೂ ಮೊದಲ ಎರಡ ಸಲ ವಿಚಾರ ಮಾಡ್ರಿ, ಜನಾ ಲಿಮಿಟ್ ತಪ್ಪಿಸಾಕ ಕಾರ್ಡ್ ಬೋರ್ಡಿಗೆ ತರದನ ಕದ್ದು ಕೆಲಸಾ ಮಾಡಾಕ ಹತ್ತತಾರ.

ಅರ್ಜೆಂಟ್ ಟಿಕೆಟ್ಟಿಂದು ಬ್ಯಾರೆನ ಪುರಾಣ. ಕ್ಲೈಂಟ್ ಕಡೆ ಎಲ್ಲಾನೂ ಪಿ-ಒನ್, ಅಂದ್ರ ಎಲ್ಲಾಕ್ಕಿಂತ ಅರ್ಜೆಂಟ್. ಕಾನ್‌ಬಾನಿನ್ಯಾಗ ಇದಕ್ಕ ಎಕ್ಸ್‌ಪೆಡೈಟ್ ಅಂತ ಬೋರ್ಡಿನ ಮ್ಯಾಲ ಒಂದು ಬ್ಯಾರೆ ಸಾಲು ಐತಿ, ಆ ಸಾಲಿನ ಕಾರ್ಡಿಗೆ ಕಾಲಮ್ಮಿನ ಲಿಮಿಟ್ ಹತ್ತಂಗಿಲ್ಲ, ಎಲ್ಲಾರು ಕೈಯಾಗಿಂದು ಬಿಟ್ಟು ಅದಕ್ಕ ಕೂಡಬೇಕ. ಆದ್ರ ಆ ಸಾಲಿಗೂ ಒಂದು ನಂಬರ್ ಐತಿ, ನಮ್ಮಲ್ಲಿ 1. ಎರಡನೇ ಪಿ-ಒನ್ ಬಂದ್ರ ನಾವು ಇಲ್ಲ ಅನ್ನಂಗಿಲ್ಲ, ಒಂದ ಪ್ರಶ್ನಾ ಕೇಳ್ತೀವಿ: "ಈಗ ನಡೆದದ್ದನ್ನ ಕೆಳಗ ಇಳಸೂದೋ, ಇದನ್ನ ಕಾಯಸೂದೋ, ನೀವ ಹೇಳ್ರಿ." ಅಷ್ಟ ಕೇಳಿದ್ರ ಬಾಳ ಪಿ-ಒನ್ ತಾವ ಪಿ-ಟೂ ಆಗಿಬಿಡತಾವ. ಹಂಗ ತಾರೀಖ್ ಕಟ್ಟಿದ ಕೆಲಸಕ್ಕ, ಅಂದ್ರ ಸರ್ಕಾರದ ರೂಲ್ ಬದಲಾಗೂದು ಇಂಥಾದ್ದಕ್ಕ, ಬ್ಯಾರೆ ಬಣ್ಣದ ಕಾರ್ಡ್. ಈಗ ಸುಡಾಕತ್ತಿಲ್ಲ ಆದ್ರ ಬಿಟ್ರ ಮುಂದ ಸುಡತೈತಿ ಅನ್ನೂ ಹಳೇ ಕೋಡ್ ಲೈಬ್ರರಿ ಅಪ್‌ಗ್ರೇಡಿನಂಥಾದ್ದಕ್ಕ ಇನ್ನೊಂದು ಬಣ್ಣ, ಅದು ಯಾವಾಗಲೂ ಒಂದರ ಬೋರ್ಡಿನ ಮ್ಯಾಲ ಇರಬೇಕಂತ ರೂಲ್ ಮಾಡೀವಿ. ಈ ರೂಲ್ ಎಲ್ಲಾ ಬೋರ್ಡಿನ ಬಾಜೂಕನ ಬರದು ಹಾಕ್ರಿ, ತಲ್ಯಾಗ ಇಟ್ಟುಕೊಂಡ್ರ ಜೋರ್ ಬಾಯಿ ಇದ್ದಾವಂದ ರೂಲ್ ಆಗತೈತಿ.

ಎಸ್ಟಿಮೇಟ್ ಬಿಟ್ಟ ಮ್ಯಾಲ "ಯಾವಾಗ ಮುಗೀತೈತಿ" ಅಂದ್ರ ಏನ ಹೇಳೂದು ಅಂತ ಎಲ್ಲಾರು ಕೇಳ್ತಾರ. ಪ್ರತಿ ಕಾರ್ಡ್ ಯಾವತ್ತ ಶುರುವಾತು, ಯಾವತ್ತ ಮುಗೀತು, ಈ ಎರಡ ತಾರೀಖ್ ಸಾಕು. ಮುಗದ ಕಾರ್ಡೆಲ್ಲಾ ಸಾಲಾಗಿ ಇಟ್ಟು ನೋಡಿದ್ರ, 100ರಾಗ 85 ಕಾರ್ಡ್ ಇಷ್ಟ ದಿನದೊಳಗ ಮುಗದಾವ ಅಂತ ಒಂದು ಗೆರಿ ಸಿಗತೈತಿ, ಅದನ್ನ ಹೇಳೂದು. ಸರಾಸರಿ ಹೇಳಬ್ಯಾಡ್ರಿ, ಎರಡ ದೊಡ್ಡ ಕಾರ್ಡ್ ಸೇರಿ ಸರಾಸರೀನ ಕೆಡಸ್ತಾವ, ಮತ್ತ ಸರಾಸರಿ ಅಂದ್ರ ಕ್ಲೈಂಟ್ ಅದನ್ನ ಪ್ರಾಮಿಸ್ ಅಂತ ಬರಕೋತಾರ. ಡೇನಿಯಲ್ ವಕಾಂಟಿ, ಜಾನ್ ಕೋಲ್ಮನ್ ಇವ್ರು 2020ರಾಗ ತಂದ ಕಾನ್‌ಬಾನಿನ ಫ್ರೀ ಗೈಡಿನ್ಯಾಗ ನಾಕ ಅಳತಿ ಹೇಳ್ಯಾರ: ಒಳಗ ಎಷ್ಟ ಐತಿ, ವಾರಕ್ಕ ಎಷ್ಟ ಹೊರಗ ಹೋಗತೈತಿ, ಮುಗದದ್ದಕ್ಕ ಎಷ್ಟ ದಿನಾ ಹಿಡೀತು, ಇನ್ನೂ ಮುಗೀದಿದ್ದಕ್ಕ ಎಷ್ಟ ವಯಸ್ಸಾತು. ನನ್ನ ಪ್ರಕಾರ ಕಡೀದ ಎಲ್ಲಾಕ್ಕಿಂತ ಕೆಲಸಕ್ಕ ಬರೂದು. ನಡುವಿನ ಎರಡೂ ಆಗಿಹೋದದ್ದನ್ನ ಹೇಳ್ತಾವ, ಮೊದಲನೇದು ಒಳಗ ಎಷ್ಟ ಐತಿ ಅಂತ ಅಷ್ಟ ಹೇಳತೈತಿ, ವಯಸ್ಸು ಒಂದ ಈಗ ಯಾವುದು ಕೊಳ್ಯಾಕತ್ತೈತಿ ಅಂತ ತೋರಸತೈತಿ. ಸ್ಟ್ಯಾಂಡಪ್ಪಿನ್ಯಾಗ "ನಿನ್ನೆ ಏನ ಮಾಡಿದ್ರಿ" ಬಿಟ್ಟು, ಬೋರ್ಡನ್ನ ಬಲಗಡೆಯಿಂದ ಎಡಗಡೆ ಓದತೀವಿ, ಡನ್ನಿಗೆ ಹತ್ರ ಇದ್ದದ್ದು ಮೊದಲ, ವಯಸ್ಸಾದ ಕಾರ್ಡಿನ ಹತ್ರ ನಿಂದ್ರತೀವಿ. ಎಂಟ ಹತ್ತ ನಿಮಿಷದಾಗ ಮುಗೀತೈತಿ.

ಕ್ಯುಮುಲೇಟಿವ್ ಫ್ಲೋ ಅನ್ನೋ ಬಣ್ಣದ ಪಟ್ಟಿ ಚಾರ್ಟೂ ಐತಿ, ಯಾವ ಪಟ್ಟಿ ಅಗಲ ಆಗಾಕತ್ತೈತೋ ಅಲ್ಲಿ ಕೆಲಸಾ ಕಟ್ಟಿಕೊಂಡೈತಿ. ಮ್ಯಾಲಿನವ್ರಿಗೆ ತೋರಸಾಕ ಚಲೋ. ದಿನಾ ನೋಡೂದೇನಿಲ್ಲ.

ಆನ್‌ಲೈನ್ ಬೋರ್ಡಿಗೆ ಟೂಲ್ ಯಾವುದು ತಗೋಬೇಕ ಅನ್ನೂದಕ್ಕ ಜನಾ ಬಾಳ ತಲಿ ಕೆಡಸ್ಕೋತಾರ, ನಾ ಅಷ್ಟ ಕೆಡಸ್ಕೊಳ್ಳಂಗಿಲ್ಲ. ಟ್ರೆಲ್ಲೋ 2011ರಾಗ ಬಂತು, 2017ರಾಗ ಜಿರಾ ಮಾಡಾವ್ರ, ಅಂದ್ರ ಅಟ್ಲಾಸಿಯನ್ ಅದನ್ನ ಕೊಂಡ್ರು. ಟ್ರೆಲ್ಲೋ ಸಲೀಸು, ಹೊಸಾಬ್ರು ಬಂದ ದಿನಾನ ಕಲೀತಾರ, ಆದ್ರ ಲಿಮಿಟ್ ಬೇಕಂದ್ರ ಪವರ್-ಅಪ್ ಅನ್ನೋ ಪ್ಲಗಿನ್ ಬ್ಯಾರೆ ಹಚ್ಚಬೇಕ. ಜಿರಾದಾಗ ಕಾಲಮ್ಮಿಗೆ ಮಿನಿಮಮ್ ಮ್ಯಾಕ್ಸಿಮಮ್ ಎರಡೂ ಹಾಕಾಕ ಬರತೈತಿ, ಕಂಟ್ರೋಲ್ ಚಾರ್ಟ್, ಫ್ಲೋ ಚಾರ್ಟ್ ತಾನ ಸಿಗತಾವ, ಆದ್ರ ಲಿಮಿಟ್ ದಾಟಿದ್ರ ಕಾಲಮ್ ಕೆಂಪಾಗತೈತಿ ಅಷ್ಟ, ಕಾರ್ಡನ್ನ ತಡಿಯಂಗಿಲ್ಲ. ಒಂದ ಕಾಲಮ್ಮನ್ನ ಎರಡ ಭಾಗ ಮಾಡೂದೂ ನೇರವಾಗಿ ಇಲ್ಲ, ಎರಡ ಸ್ಟೇಟಸ್ ಮಾಡಿ ಎರಡ ಕಾಲಮ್ ಹಾಕಬೇಕ. ಮೈಕ್ರೋಸಾಫ್ಟಿನ ಅಝೂರ್ ಬೋರ್ಡ್ಸಿನ್ಯಾಗ ಆ ಸವಲತ್ತು ಮೊದಲಿಂದಾನ ಕೊಟ್ಟಾರ, ಕಾಲಮ್ಮಿಗೆ ಡನ್ ಅಂದ್ರೇನು ಅಂತ ಬರದಿಡಾಕೂ ಜಾಗಾ ಐತಿ. ಟೂಲ್ ಕಾರ್ಡನ್ನ ತಡೀಬೇಕಿತ್ತು ಅಂತ ಕೆಲವ್ರು ಬೈತಾರ, ನನಗ ಹಂಗ ಅನಸಂಗಿಲ್ಲ. ಕೆಂಪಾದ ಮ್ಯಾಲ ಬಾಯಿ ಬಿಟ್ಟು ಮಾತಾಡೂದು ಮನಷಾರ ಕೆಲಸ, ಟೂಲ್ ಗಪ್ಪಂತ ತಡದ್ರ ಜನಾ ಬ್ಯಾರೆ ಸ್ಟೇಟಸ್ ಹುಡಕ್ಕೊಂಡು ಅಲ್ಲಿ ಬಚ್ಚಿಡತಾರ. ಆದ್ರ ಕೆಂಪ ಕಾಲಮ್ ನೋಡಿ ನೋಡಿ ರೂಢಿಯಾದ ಟೀಮೂ ನಾ ಕಂಡೀನಿ, ಅಲ್ಲಿ ಆ ಬಣ್ಣಕ್ಕ ಕಿಮ್ಮತ್ತ ಇಲ್ಲ.

ಸರ್ಟಿಫಿಕೇಟ್ ಕೋರ್ಸ್ ಬೇಕೇನು ಅಂದ್ರ, ಶುರು ಮಾಡಾಕ ಬ್ಯಾಡ. ಕಾನ್‌ಬಾನಿನ ಮೊದಲನೇ ಮಾತ ಈಗ ನೀವು ಹೆಂಗ ಕೆಲಸಾ ಮಾಡ್ತೀರೋ ಅಲ್ಲಿಂದನ ಶುರು ಮಾಡ್ರಿ, ಇದ್ದ ಹುದ್ದೆ ಇರಲಿ ಅಂತ. ಸ್ಕ್ರಮ್ ಮಾಸ್ಟರ್ ಹಂಗ ಹೊಸಾ ಹುದ್ದೆ ಹುಟ್ಟಂಗಿಲ್ಲ, ಯಾರ ನೌಕರೀನೂ ಹೋಗಂಗಿಲ್ಲ, ಅದಕ್ಕ ಒಪ್ಪಸೂದು ಸಲೀಸು. ಅದರ ದೋಷಾನೂ ಅದ. ಏನೂ ಕಡ್ಡಾಯ ಇಲ್ಲ ಅಂದ ಮ್ಯಾಲ ಮೊದಲ ಹೋಗೂದು ರೆಟ್ರೋಸ್ಪೆಕ್ಟಿವ್, ಅಂದ್ರ ಏನ ಚಲೋ ಆತು, ಏನ ತಪ್ಪಿತು ಅಂತ ಕುಂತು ನೋಡೂ ಮೀಟಿಂಗ್. ಸ್ಪ್ರಿಂಟ್ ಇದ್ದಾಗ ಎರಡ ವಾರಕ್ಕೊಮ್ಮೆ ತಾನ ಬರತಿತ್ತು, ಈಗ ಯಾರರ ನೆನಪು ಮಾಡಿ ಕ್ಯಾಲೆಂಡರಿನ್ಯಾಗ ಹಾಕಬೇಕ. ಇನ್ನೊಂದು, ಕಾರ್ಡ್ ಬರತಾವ ಹೋಗತಾವ, ಇದಕ್ಕ ಕೊನಿ ಅನ್ನೂದ ಇಲ್ಲ, ಹೊಸಾ ಹುಡುಗ್ರಿಗೆ ಬ್ಯಾಸರ ಬರತೈತಿ. ಸ್ಪ್ರಿಂಟ್ ಮುಗದ ಶುಕ್ರವಾರದ ಹಗುರ ಈಗಿಲ್ಲ ಅಂತ ಸೊಲ್ಲಾಪುರದಾಕಿ ಅಂದ್ಲು, ಖರೇನೂ ಹೌದು. ತಾರೀಖಿನ ಪ್ರಕಾರ ಲಾಂಚ್ ಆಗಬೇಕಾದ ಹೊಸಾ ಪ್ರಾಡಕ್ಟ್ ಟೀಮಿಗೆ ನಾ ಇದನ್ನ ಮೊದಲನೇ ಆಯ್ಕೆ ಅಂತ ಹೇಳಂಗಿಲ್ಲ.

ಸ್ಕ್ರಮ್ ಪೂರ್ತಿ ಬಿಡಬೇಕೇನು ಅಂದ್ರ ಅದೂ ಬ್ಯಾಡ. ಕೋರಿ ಲಾಡಾಸ್ ಅನ್ನಾವ್ರು ಎರಡೂ ಕೂಡಿಸಿ ಸ್ಕ್ರಮ್‌ಬಾನ್ ಅಂತ ಬರದಾರ, ನಾವೂ ಹೆಚ್ಚುಕಡಿಮಿ ಹಂಗನ ಅದೀವಿ. ಸ್ಪ್ರಿಂಟ್ ಪ್ಲ್ಯಾನಿಂಗ್ ಇಲ್ಲ, ಪಾಯಿಂಟ್ ಇಲ್ಲ, ರೆಡಿ ಕಾಲಮ್ ಖಾಲಿ ಆಗಾಕ ಬಂದಾಗ ಕ್ಲೈಂಟ್ ಜೊತಿ ಕುಂತು ತುಂಬತೀವಿ. ಎರಡ ವಾರಕ್ಕೊಮ್ಮೆ ಡೆಮೋ ಮಾತ್ರ ಇಟ್ಟೀವಿ, ಮುಗದದ್ದಷ್ಟ ತೋರಸೂದು. ಸ್ಪ್ರಿಂಟ್ ಹೋಗಿ ಬಾಳ ದಿನಾ ಆತು, ಕ್ಲೈಂಟ್ ಈಗೂ ಅದನ್ನ ಸ್ಪ್ರಿಂಟ್ ಡೆಮೋ ಅಂತನ ಮೀಟಿಂಗ್ ಹಾಕ್ತಾರ, ನಾವೂ ತಿದ್ದಾಕ ಹೋಗಿಲ್ಲ.